ಸೊಲ್ಲಿಗೆ ದನಿಗೂಡಿಸು, ಮಗ

ಮಗ, ಹಾರೋಹಳ್ಳಿ ಕೈಗಾರಿಕಾ ಪ್ರದೇಶಕ್ಕೆ ದುಡಿಯಲು ಬಂದ ನಿನ್ನ ವಯಸ್ಸಿನ ಹುಡುಗರನ್ನು ದಿನಾ ನೋಡುತ್ತೇನೆ. ನೈಟ್ ಶಿಫ್ಟ್ ಮುಗಿಸಿ ರೂಮಿಗೆ ಬರುವಷ್ಟರಲ್ಲಿ ಜೊತೆಗಾರ ಡ್ಯೂಟಿಗೆ ಹೋಗಿರುತ್ತಾನೆ. ಕಾಂಟ್ರಾಕ್ಟ್ ಮುಂದುವರಿಯುತ್ತದೋ ಇಲ್ಲವೋ ಎಂಬ ಚಿಂತೆ ಒಂದು ಕಡೆ, ಸಾಲದ ಕಂತಿಗಾಗಿ ಊರಿನಿಂದ ಬರುವ ಫೋನು ಇನ್ನೊಂದು ಕಡೆ. ಮನಸ್ಸು ಕುಗ್ಗಲು ಇಷ್ಟು ಸಾಕು. ಆಗ ನೀನು ಇಯರ್‌ಫೋನ್ ಸಿಕ್ಕಿಸಿಕೊಂಡು ರಘು ದೀಕ್ಷಿತ್ ತಂಡದ ಹಾಡು ಹಾಕುತ್ತೀಯ. ಹಾಕು, ಬೇಡವೆನ್ನುವುದಿಲ್ಲ. ಆದರೆ ಆ ಹಾಡಿಗೆ ಮನಸ್ಸನ್ನು ಎತ್ತುವ ಕಸುವು ಎಲ್ಲಿಂದ ಬಂತೆಂದು ತಿಳಿದುಕೋ.

ಆ ತಂಡದ ಮೊದಲ ಆಲ್ಬಂ ಬಂದದ್ದು 2008ರಲ್ಲಿ. ಗಿಟಾರು, ಡ್ರಮ್ಮು, ಪಿಟೀಲು ಎಲ್ಲ ಹೊಸತು; ಅದರ ಕೆಲವು ಹಾಡುಗಳ ಪದ ಮಾತ್ರ 1819ರಲ್ಲಿ ಹುಟ್ಟಿದ ಶಿಶುನಾಳ ಶರೀಫರದು. ಸೋರುವ ಮಾಳಿಗೆಯನ್ನೇ ಪದ ಮಾಡಿ ಹಾಡಿದವರು ಅವರು. ಮನೆ ಸೋರುತ್ತಿಲ್ಲವೆಂದು ಸುಳ್ಳು ಸಮಾಧಾನ ಹೇಳಲಿಲ್ಲ. ಕಷ್ಟವನ್ನು ಹೆಸರಿಟ್ಟು ಕರೆದು, ಅದಕ್ಕೊಂದು ತಾಳ ಕೊಟ್ಟರು. ಕುಗ್ಗಿದವನಿಗೆ ಮೊದಲು ಬೇಕಾದದ್ದು ಅದೇ, ತನ್ನ ನೋವನ್ನು ಇನ್ನೊಬ್ಬರ ಬಾಯಲ್ಲಿ ಕೇಳುವುದು.

ಹಾಗೆ ಕಷ್ಟಕ್ಕೆ ತಾಳ ಕೊಡುವ ಪದ ನಿನ್ನ ಫ್ಯಾಕ್ಟರಿ ಮುಂದಿನ ರಸ್ತೆಯಲ್ಲೂ ಇದೆ. ಕನಕಪುರ, ಸಾತನೂರು ದಾಟಿ ಅದೇ ದಾರಿ ಹಿಡಿದರೆ ಹಲಗೂರು. ಜನಪದರ ಮಂಟೇಸ್ವಾಮಿ ಕಾವ್ಯದಲ್ಲಿ ಮಂಟೇಸ್ವಾಮಿಯ ಶಿಷ್ಯ ಸಿದ್ದಪ್ಪಾಜಿ ಕಬ್ಬಿಣದ ಭಿಕ್ಷೆಗೆ ಹೋದದ್ದು ಆ ಊರಿನ ಕಮ್ಮಾರರಾದ ಪಾಂಚಾಳರ ಬಳಿಗೆ. ಕಬ್ಬಿಣ ಕೊಡುವ ಬದಲು ಅವರು ಪರೀಕ್ಷೆಯ ಮೇಲೆ ಪರೀಕ್ಷೆ ಒಡ್ಡುತ್ತಾರೆ, ವಿಷವನ್ನೂ ಕುಡಿಸುತ್ತಾರೆ. ಎಲ್ಲವನ್ನೂ ಅರಗಿಸಿಕೊಂಡು ಆತ ಗೆದ್ದು ಬರುತ್ತಾನೆ. ದಿನವಿಡೀ ಕಬ್ಬಿಣದ ಜೊತೆ ಗುದ್ದಾಡುವ ನಿನಗೆ ಈ ಕಥೆ ದೂರದ್ದೇನಲ್ಲ.

ಈ ಕಥೆಯನ್ನು ಅದರ ಪರಂಪರೆಯ ಗಾಯಕರಾದ ನೀಲಗಾರರು ಹಾಡುವ ರೀತಿ ಗಮನಿಸು. ಮುಮ್ಮೇಳದವನು ತಂಬೂರಿ ಮೀಟುತ್ತಾ ನಿಧಾನವಾಗಿ ಕಥೆ ಶುರುಮಾಡುತ್ತಾನೆ. ಗಗ್ಗರ, ಡಿಕ್ಕಿ, ತಾಳ ಎಂಬ ವಾದ್ಯಗಳು ಸೇರಿಕೊಳ್ಳುತ್ತವೆ. ಹಿಮ್ಮೇಳದವರು ಸೊಲ್ಲು, ಅಂದರೆ ಪಲ್ಲವಿ, ಹಿಡಿಯುತ್ತಾರೆ. ಅವನ ಉಸಿರು ನಿಲ್ಲುವ ಕಡೆ ಇವರ ದನಿ ಎತ್ತಿಕೊಳ್ಳುತ್ತದೆ. ಇಡೀ ರಾತ್ರಿ ಹಾಡಲು ಆಗುವುದು ಹೀಗೆ ಹಂಚಿಕೊಳ್ಳುವುದರಿಂದಲೇ. ಶಿವರಾತ್ರಿ ಹೊತ್ತಿಗೆ ಈ ಸೀಮೆಯಿಂದ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವವರನ್ನು ಕೇಳು. ಸೋತ ಕಾಲನ್ನು ಮುಂದಕ್ಕೆ ಎಳೆಯುವುದು ಪಕ್ಕದವನ ಪದವೇ ಎನ್ನುತ್ತಾರೆ.

ಆದ್ದರಿಂದ ನನ್ನ ಕಿವಿಮಾತು ಇಷ್ಟು. ಮನಸ್ಸು ತೀರಾ ಕುಗ್ಗಿದ ದಿನ ನೇರ ಕುಣಿಯುವ ಹಾಡಿಗೆ ಹಾರಬೇಡ. ನಿಧಾನದ ಪದದಿಂದ ಹಿಡಿದು ಮೆಲ್ಲಗೆ ಏರು. ಕೇಳುವುದರಲ್ಲೇ ನಿಲ್ಲಬೇಡ, ಸೊಲ್ಲು ಬಂದಾಗ ಬಾಯಿಬಿಟ್ಟು ಹಾಡು. ಶ್ರುತಿ ತಪ್ಪಿದರೆ ಯಾರೂ ಸಂಬಳ ಹಿಡಿಯುವುದಿಲ್ಲ. ವಾರದ ರಜೆಯಲ್ಲಿ ರೂಮಿನ ಹುಡುಗರನ್ನು ಕೂರಿಸಿಕೊಂಡು ಚಪ್ಪಾಳೆ ತಟ್ಟಿಸು. ಒಡಿಶಾದ ಹುಡುಗನಿದ್ದರೆ ಅವನೂರಿನ ಪದ ಹೇಳಿಸು, ಅವನಿಗೂ ಒಂಟಿತನವಿದೆ. ಒಮ್ಮೆ ರಾಮನಗರದ ಜಾನಪದ ಲೋಕಕ್ಕೆ ಹೋಗಿ ಬಾ. ಅದನ್ನು ಕಟ್ಟಿದ ಎಚ್.ಎಲ್. ನಾಗೇಗೌಡರು ಹಳ್ಳಿ ಹಳ್ಳಿ ಸುತ್ತಿ ಕೂಡಿಹಾಕಿದ ವಾದ್ಯಗಳನ್ನು ಅಲ್ಲಿ ಕಣ್ಣಾರೆ ನೋಡಬಹುದು.

ಮಷಿನ್ ಮುಂದೆ ಮಾತ್ರ ಇಯರ್‌ಫೋನ್ ಬೇಡವೇ ಬೇಡ. ಹಿಂದಿನಿಂದ ಬರುವ ಫೋರ್ಕ್‌ಲಿಫ್ಟ್‌ನ ಹಾರನ್ ಕೇಳಿಸದೆ ಹೋದೀತು.

ಇನ್ನೊಂದು ಮಾತು. ಹಾಡು ಕೈಹಿಡಿದು ಎಬ್ಬಿಸುತ್ತದೆ, ಎಲ್ಲ ಕಾಯಿಲೆಯನ್ನೂ ವಾಸಿಮಾಡುವುದಿಲ್ಲ. ಎರಡು ವಾರವಾದರೂ ನಿದ್ದೆ, ಊಟ, ಕೆಲಸ ಯಾವುದೂ ರುಚಿಸದಿದ್ದರೆ, ಬದುಕೇ ಬೇಡವೆನ್ನಿಸಿದರೆ ಆ ಕ್ಷಣವೇ, 14416ಕ್ಕೆ ಫೋನ್ ಮಾಡು. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು. ಫೋನ್ ಮಾಡಲು ನಾಚಿಕೆಯಾದರೆ ನನ್ನಂಥ ಹಿರಿಯರೊಬ್ಬರ ಬಾಗಿಲು ತಟ್ಟು. ಒಬ್ಬನೇ ನುಂಗಿಕೊಂಡು ಮಾತ್ರ ಕೂರಬೇಡ, ಮಗ.