ಮನೆಗಾಗಿ ದುಡಿದವನು: ಕಾಫ್ಕಾನ ಒಂದು ಕಥೆಯ ಪಾಠ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಶಾಲೆಯ ಹಳೆಯ ನೆನಪುಗಳನ್ನು ಬರೆದುಕೊಡಬೇಕೆಂದು ಸಮಿತಿಯ ಮಿತ್ರರು ಅಪೇಕ್ಷಿಸಿದ್ದರು. ನೆನಪುಗಳನ್ನು ಬರೆಯಬಲ್ಲವರು ಬೇರೆ ಅನೇಕರಿದ್ದಾರೆ. ನಾನು ಜೀವಮಾನವಿಡೀ ಪಾಠ ಹೇಳಿದವನು. ಆದುದರಿಂದ ಹಳೆ ವಿದ್ಯಾರ್ಥಿಗಳೆದುರು ಇನ್ನೊಂದು ಪಾಠವನ್ನೇ ಮಾಡಲು ಅನುಮತಿ ಬೇಡುತ್ತೇನೆ. ಈ ಸಲ ಪರೀಕ್ಷೆ ಇರುವುದಿಲ್ಲ.

ಪಾಠಕ್ಕೆ ಆರಿಸಿಕೊಂಡದ್ದು ಫ್ರಾಂಜ್ ಕಾಫ್ಕಾನ 'ರೂಪಾಂತರ' ಎಂಬ ನೀಳ್ಗತೆ. ನಾನು ನಿವೃತ್ತನಾದ ಬಳಿಕ ಹಳೆ ವಿದ್ಯಾರ್ಥಿಯೊಬ್ಬರು ಇದರ ಇಂಗ್ಲಿಷ್ ಅನುವಾದವನ್ನು ತಂದುಕೊಟ್ಟರು. ಕನ್ನಡ ಮಾಧ್ಯಮದ ಮೆಟ್ರಿಕ್ ವಿದ್ಯೆಯ ನಾನು ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಒಂದು ಆಟಿ ತಿಂಗಳಿಡೀ ಅದನ್ನು ಓದಿದೆನು.

ಕಾಫ್ಕಾ 1883ರ ಜುಲೈ 3ರಂದು ಪ್ರಾಗ್ ನಗರದಲ್ಲಿ ಜನಿಸಿದನು. ಅದೇ ವರ್ಷದ ಮಾರ್ಚ್ ತಿಂಗಳಲ್ಲಿ ನಮ್ಮ ಮಂಜೇಶ್ವರದ ಗೋವಿಂದ ಪೈಗಳು ಹುಟ್ಟಿದರೆಂಬುದನ್ನು ಸುಮ್ಮನೆ ಜ್ಞಾಪಿಸುತ್ತೇನೆ. ಪ್ರಾಗ್ ನಗರದ ಬಹುಜನರ ಮಾತು ಚೆಕ್. ಕಾಫ್ಕಾನ ಮನೆಯ ಮತ್ತು ಶಾಲೆಯ ಮಾತು ಜರ್ಮನ್. ಅವನ ಕುಟುಂಬವು ಯಹೂದ್ಯರದು. 1918ರಲ್ಲಿ ಚೆಕೊಸ್ಲೊವಾಕಿಯಾ ಎಂಬ ಹೊಸ ರಾಷ್ಟ್ರವು ಹುಟ್ಟಿದಾಗ ಅವನು ಕೆಲಸಮಾಡುತ್ತಿದ್ದ ಕಚೇರಿಯ ಭಾಷೆಯೂ ಚೆಕ್ ಆಯಿತು. ಚೆಕ್ ಬಲ್ಲವನಾದುದರಿಂದ ಅವನ ನೌಕರಿ ಉಳಿಯಿತು. ಮನೆಯನ್ನು ಬದಲಿಸದೆ ರಾಜ್ಯವನ್ನು ಬದಲಿಸಿಕೊಂಡ ಅನುಭವವು 1956ರ ನವೆಂಬರ್ 1ರಿಂದ ಕಾಸರಗೋಡಿನವರಾದ ನಮಗೂ ಉಂಟು. ಆದರೆ ಹೋಲಿಕೆಯನ್ನು ಬಹಳ ಎಳೆಯಬಾರದು. ಅಲ್ಲಿ ಜರ್ಮನ್ ಆಳುವವರ ಭಾಷೆಯಾಗಿತ್ತು.

ಕಾನೂನು ಓದಿದ ಕಾಫ್ಕಾ 1908ರಿಂದ 1922ರವರೆಗೆ ಕಾರ್ಮಿಕರ ಅಪಘಾತ ವಿಮಾ ಕಚೇರಿಯಲ್ಲಿ ದುಡಿದನು. ಹಗಲು ಕಚೇರಿ, ರಾತ್ರಿ ಬರವಣಿಗೆ. ಇದು ಸಾಲದೆಂಬಂತೆ ಮನೆಯವರು ಹಣ ಹೂಡಿದ್ದ ಕಲ್ನಾರಿನ ಕಾರ್ಖಾನೆಯನ್ನೂ ಅವನು ನೋಡಿಕೊಳ್ಳಬೇಕೆಂಬ ಒತ್ತಾಯವು 1912ರಲ್ಲಿ ಬಂತು. ಆ ವರ್ಷದ ನವೆಂಬರ್ ಮತ್ತು ಡಿಸೆಂಬರ್ ತಿಂಗಳುಗಳಲ್ಲೇ ಅವನು ಈ ಕಥೆಯನ್ನು ಬರೆದನು. ಅಚ್ಚಾದದ್ದು 1915ರಲ್ಲಿ.

ಕಥೆಯ ನಾಯಕ ಗ್ರೆಗೋರ್ ಸಾಮ್ಸಾ. ಬಟ್ಟೆ ವ್ಯಾಪಾರದ ಕಂಪೆನಿಯೊಂದಕ್ಕಾಗಿ ಊರೂರು ಸುತ್ತುವ ನೌಕರ. ಒಂದು ಬೆಳಿಗ್ಗೆ ಎಚ್ಚರಾದಾಗ ಅವನ ದೇಹವು ದೊಡ್ಡದೊಂದು ಹುಳುವಿನದಾಗಿದೆ. ಕಾಫ್ಕಾ ಬಳಸಿದ ಜರ್ಮನ್ ಪದಕ್ಕೆ ಅಸಹ್ಯದ ಕ್ರಿಮಿ ಎಂಬಷ್ಟೇ ಅರ್ಥ. ಯಾವ ಜಾತಿಯ ಹುಳುವೆಂದು ಅವನು ಹೇಳಲಿಲ್ಲ. ಪುಸ್ತಕದ ಹೊದಿಕೆಯ ಮೇಲೆ ಹುಳುವಿನ ಚಿತ್ರವನ್ನು ಬರೆಯಿಸಕೂಡದೆಂದು ಪ್ರಕಾಶಕರಿಗೆ ಪತ್ರವನ್ನೂ ಬರೆದನು. ಈಗಿನ ಮುದ್ರಣಗಳಲ್ಲಿ ಜಿರಳೆಯ ಚಿತ್ರವನ್ನು ಹಾಕುವವರು ಇದನ್ನು ಮರೆತಿದ್ದಾರೆ.

ಹುಳುವಾದವನ ಮೊದಲ ಚಿಂತೆ ಏನು? ತನ್ನ ದೇಹಕ್ಕೇನಾಯಿತು ಎಂಬುದಲ್ಲ. ಐದು ಗಂಟೆಯ ರೈಲು ತಪ್ಪಿತಲ್ಲಾ ಎಂಬುದು! ಗಡಿಯಾರದಲ್ಲಿ ಆರೂವರೆ. ಐದು ವರ್ಷಗಳಲ್ಲಿ ಒಂದು ದಿನವೂ ಕಾಯಿಲೆ ಬೀಳದೆ ದುಡಿದವನು ಅವನು. ತಂದೆಯ ವ್ಯಾಪಾರವು ಮುಳುಗಿತ್ತು. ತಂದೆತಾಯಿಗಳು ಅವನ ಧಣಿಗೇ ಸಾಲಗಾರರಾಗಿದ್ದರು. ತೀರಿಸಲು ಇನ್ನೂ ಐದಾರು ವರ್ಷ ಬೇಕಿತ್ತು. ಸಾಲ ತೀರಿದ ದಿನ ರಾಜೀನಾಮೆಯನ್ನು ಧಣಿಯ ಮುಖದೆದುರು ಹೇಳಬೇಕೆಂಬುದು ಅವನ ಕನಸು. ಒಬ್ಬ ದಿನ ತಡವಾದದ್ದಕ್ಕೆ ಕಂಪೆನಿಯ ಹಿರಿಯ ಅಧಿಕಾರಿಯೇ ಮನೆಬಾಗಿಲಿಗೆ ಬಂದು ಅವನ ಪ್ರಾಮಾಣಿಕತೆಯನ್ನು ಶಂಕಿಸುತ್ತಾನೆ.

ವಿದ್ಯಾರ್ಥಿಗಳು ಅಡಿಗೆರೆ ಎಳೆಯಬೇಕಾದ ಸ್ಥಳವು ಇನ್ನು ಮುಂದೆ ಇದೆ. ಗ್ರೆಗೋರ್ ಮೊದಮೊದಲು ದುಡ್ಡನ್ನು ಮೇಜಿನ ಮೇಲಿಟ್ಟಾಗ ಮನೆಯವರು ಬೆರಗಾಗಿ ಹಿಗ್ಗಿದ್ದರು. ಕ್ರಮೇಣ ಅದು ರೂಢಿಯಾಯಿತು. ಅವನು ಸಂತೋಷದಿಂದಲೇ ಕೊಡುತ್ತಿದ್ದನು, ಅವರು ಕೃತಜ್ಞತೆಯಿಂದಲೇ ತೆಗೆದುಕೊಳ್ಳುತ್ತಿದ್ದರು. ಆದರೆ ಮೊದಲಿನ ಬಿಸಿ ಉಳಿದಿರಲಿಲ್ಲ. ಜಗಳವಿಲ್ಲ, ದ್ರೋಹವಿಲ್ಲ. ಅವನು ಹುಳುವಾದದ್ದು ಆ ಬೆಳಿಗ್ಗೆಯಲ್ಲ, ಈ ಆರಿದ ದಿನಗಳಲ್ಲಿ ಎಂದು ನನಗೆ ತೋರುತ್ತದೆ. ಮುಂದೆ ಇನ್ನೊಂದು ಸಂಗತಿ ಹೊರಬೀಳುತ್ತದೆ. ಅವನು ಕೊಟ್ಟ ಹಣದಲ್ಲಿ ಸ್ವಲ್ಪವನ್ನು ತಂದೆ ಅವನಿಗೆ ತಿಳಿಸದೆ ಕೂಡಿಟ್ಟಿದ್ದನು. ಸಾಲ ತೀರಿಸಿದ್ದರೆ ಮಗನಿಗೆ ಬೇಗ ಬಿಡುಗಡೆಯಾಗುತ್ತಿತ್ತು. ಗ್ರೆಗೋರನಿಗೆ ಕೋಪ ಬರುವುದಿಲ್ಲ. ತಂದೆಯ ಮುಂದಾಲೋಚನೆಯನ್ನು ಅವನು ಮೆಚ್ಚುತ್ತಾನೆ. ಹಿಂದಿನ ಇಡೀ ಪುಟ ಓದಿ ಈ ಮೆಚ್ಚುಗೆಗೆ ಬಂದಾಗ ನಾನು ಪುಸ್ತಕವನ್ನು ಮಡಚಿಟ್ಟು ಅಂಗಳಕ್ಕೆ ಹೋದೆನು.

ದೇಹ ಬದಲಾದೊಡನೆ ಅವನ ಮಾತು ಇತರರಿಗೆ ತಿಳಿಯದಾಗುತ್ತದೆ. ಅವರ ಮಾತು ಅವನಿಗೆ ಪೂರ್ತಿ ತಿಳಿಯುತ್ತದೆ. ಆದರೆ ಅವನ ಮಾತು ತಮಗೆ ತಿಳಿಯದುದರಿಂದ, ತಮ್ಮ ಮಾತೂ ಅವನಿಗೆ ತಿಳಿಯದೆಂದು ಮನೆಯವರು ಭಾವಿಸುತ್ತಾರೆ. ಕನ್ನಡದಲ್ಲಿ ಅರ್ಜಿ ಹಿಡಿದು ಸರಕಾರಿ ಕಚೇರಿಯ ಮೇಜಿನೆದುರು ನಿಂತು ಬಂದಿರುವ ನಮ್ಮೂರಿನ ಹಿರಿಯರಿಗೆ ಈ ಭಾಗವನ್ನು ನಾನು ವಿವರಿಸಬೇಕಾಗಿಲ್ಲ.

ಈಗ ಸ್ವಲ್ಪ ವ್ಯಾಕರಣ. ಹದಿನೇಳರ ತಂಗಿ ಗ್ರೇಟೆ ಮೊದಲು ಅಣ್ಣನನ್ನು ಪ್ರೀತಿಯಿಂದ ಉಪಚರಿಸುತ್ತಾಳೆ. ಅವಳನ್ನು ಸಂಗೀತಶಾಲೆಗೆ ಕಳುಹಿಸಬೇಕೆಂದು ಗ್ರೆಗೋರ್ ಗುಟ್ಟಾಗಿ ನಿಶ್ಚಯಿಸಿದ್ದನು. ಕ್ರಿಸ್ಮಸ್‌ನ ಹಿಂದಿನ ರಾತ್ರಿ ಪ್ರಕಟಿಸುವವನಿದ್ದನು. ತಿಂಗಳುಗಳು ಕಳೆದ ಮೇಲೆ ಅದೇ ತಂಗಿ, ಈ ಪ್ರಾಣಿಯ ಮುಂದೆ ಅಣ್ಣನ ಹೆಸರನ್ನು ಹೇಳೆನೆನ್ನುತ್ತಾಳೆ. ಅದನ್ನು ಹೇಗಾದರೂ ತೊಲಗಿಸಬೇಕೆನ್ನುತ್ತಾಳೆ. 'ಅವನು' ಹೋಗಿ 'ಅದು' ಬಂತು. ಪುಲ್ಲಿಂಗದಿಂದ ನಪುಂಸಕಲಿಂಗಕ್ಕೆ. ಕಥೆಗಾರನು ಮಾತ್ರ ಕೊನೆಯವರೆಗೂ 'ಅವನು' ಎಂದೇ ಬರೆಯುತ್ತಾನೆ. ಗ್ರೆಗೋರ್ ಸತ್ತ ಬಳಿಕ ಇನ್ನೊಂದು ಸೂಕ್ಷ್ಮವಿದೆ: ಅದುವರೆಗೆ 'ತಂದೆ', 'ತಾಯಿ' ಎಂದು ಬರೆದವನು 'ಶ್ರೀ ಸಾಮ್ಸಾ', 'ಶ್ರೀಮತಿ ಸಾಮ್ಸಾ' ಎಂದು ಬರೆಯತೊಡಗುತ್ತಾನೆ. ಮಗನಿಲ್ಲದ ಮೇಲೆ ಅವರನ್ನು ಆ ಸಂಬಂಧದಿಂದ ಕರೆಯುವವರಾರು?

ಮನೆಯವರು ದುಷ್ಟರಲ್ಲ. ದುಡಿಯುವವನು ಬಿದ್ದಾಗ ಎಲ್ಲರೂ ಎದ್ದರು. ಮುದುಕನೆಂದು ಕುಳಿತಿದ್ದ ತಂದೆ ಬ್ಯಾಂಕಿನ ಜವಾನನಾದನು, ತಾಯಿ ಹೊಲಿಗೆ ಹಿಡಿದಳು, ತಂಗಿ ಅಂಗಡಿಯ ನೌಕರಿಗೆ ಸೇರಿದಳು. ಅಣ್ಣ ಸತ್ತ ದಿನ ಮೂವರೂ ರಜೆಯ ಪತ್ರ ಬರೆದು ಟ್ರಾಮಿನಲ್ಲಿ ಊರ ಹೊರಗೆ ತಿರುಗಾಡಲು ಹೋಗುತ್ತಾರೆ, ಬಿಸಿಲು ಹಿತವಾಗಿದೆ, ಮಗಳಿಗೆ ಒಳ್ಳೆಯ ವರನನ್ನು ಹುಡುಕುವ ಕಾಲ ಬಂತೆಂದು ತಂದೆತಾಯಿಗಳಿಗೆ ಹೊಳೆಯುತ್ತದೆ.

ನಮ್ಮ ಭಾಷೆಯಲ್ಲಿ ಇದರೊಡನೆ ಓದಬೇಕಾದದ್ದು ವಿವೇಕ ಶಾನಭಾಗರ 'ಘಾಚರ್ ಘೋಚರ್' (2013). ಅಲ್ಲಿಯೂ ಒಬ್ಬ ದುಡಿಯುವ ಚಿಕ್ಕಪ್ಪ, ಅವನನ್ನು ಅವಲಂಬಿಸಿದ ಮನೆ. ಆದರೆ ಅಲ್ಲಿ ದುಡಿಯುವವನನ್ನು ಮನೆಯವರೆಲ್ಲ ತಲೆಯ ಮೇಲೆ ಹೊತ್ತುಕೊಳ್ಳುತ್ತಾರೆ. ಕುಳಿತು ಉಣ್ಣುವ ನಿರೂಪಕನೇ ತನ್ನನ್ನು ಕಳೆದುಕೊಳ್ಳುತ್ತಾನೆ. ಕಾಫ್ಕಾನ ಮನೆಯ ಕನ್ನಡಿಯಲ್ಲಿನ ಪ್ರತಿಬಿಂಬವೆನ್ನಬಹುದು.

ಗ್ರೇಟೆಯನ್ನು ನಾನು ಬೈಯಲಾರೆ. ಕಾರಣ ಹೇಳುತ್ತೇನೆ. ನನ್ನ ಅಣ್ಣ ಐದನೆಯ ತರಗತಿ ಬಿಟ್ಟು ಮುಂಬಯಿಯ ಹೋಟೆಲಿಗೆ ಹೋದವರು. ಅವರ ಮನಿಯಾರ್ಡರಿನಲ್ಲಿ ನಾನು ಮೆಟ್ರಿಕ್ ಓದಿದೆ, ಅಧ್ಯಾಪಕ ತರಬೇತಿ ಪಡೆದೆ. ಮೊದಲ ಮನಿಯಾರ್ಡರ್ ಬಂದಾಗ ಅಮ್ಮ ನೋಟುಗಳನ್ನು ದೇವರ ದೀಪದ ಬಳಿ ಇಟ್ಟಿದ್ದರು. ಎರಡು ವರ್ಷಗಳಲ್ಲಿ ನಾವು ಹೇಳುತ್ತಿದ್ದುದು 'ಮುಂಬಯಿಯ ದುಡ್ಡು ಬಂತೇ?' ಎಂದು, ಅಣ್ಣನ ಹೆಸರು ಮಾತಿನಿಂದ ಬಿಟ್ಟುಹೋಗಿತ್ತು. ಅವರು ಎದೆಯ ರೋಗ ಹಿಡಿದು ಊರಿಗೆ ಮರಳಿದಾಗ ಚಾವಡಿಯ ಪಕ್ಕದ ಕೋಣೆಯನ್ನು ಕೊಟ್ಟೆವು. ಬಾಗಿಲನ್ನು ಬಹುಮಟ್ಟಿಗೆ ಓರೆಯಾಗಿಯೇ ಇಡುತ್ತಿದ್ದೆವು.

ಮನಿಯಾರ್ಡರ್ ಫಾರ್ಮಿನ ಕೆಳತುದಿಯಲ್ಲಿ ಎರಡು ಸಾಲು ಬರೆಯಲು ಜಾಗವಿರುತ್ತಿತ್ತು. ಆ ತುಂಡುಗಳನ್ನು ಅಮ್ಮ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಕೂಡಿಟ್ಟಿದ್ದರು. ಕಾಫ್ಕಾನನ್ನು ಓದಿ ಮುಗಿಸಿದ ಆ ಆಟಿಯಲ್ಲಿ ಅದನ್ನು ಅಟ್ಟದಿಂದ ಇಳಿಸಿದೆನು. ಹೆಚ್ಚಿನವುಗಳಲ್ಲಿ ಕ್ಷೇಮ, ಮಳೆ, ಅಮ್ಮನ ಮದ್ದು ಇಷ್ಟೇ. ಒಂದರಲ್ಲಿ ಮಾತ್ರ, ಈ ವರ್ಷ ನಿನಗೆ ಕನ್ನಡದಲ್ಲಿ ಯಾವ ಪದ್ಯಗಳಿವೆ, ಒಂದನ್ನು ಬರೆದು ಕಳುಹಿಸು ಎಂದು ನನ್ನನ್ನು ಕೇಳಿದ್ದರು. ನಾನು ಕಳುಹಿಸಿದ ನೆನಪಿಲ್ಲ.