ಹೆಬ್ಬಾತುಗಳ ಕೆರೆ, ಹಲವು ಬಳಗಗಳು



ಮಾಗಡಿಯ ಕೆರೆಗೆ ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಇಳಿದುಬರುವ ಪಟ್ಟೆತಲೆ ಹೆಬ್ಬಾತುಗಳ ಛಾಯಾಚಿತ್ರಗಳನ್ನು ಲೆಮ್ಮಿ ಎಂಬ ಚರ್ಚಾಜಾಲದ ನಾನಾ ಸರ್ವರುಗಳಲ್ಲಿ ಚದುರಿರುವ ಪಕ್ಷಿಪ್ರಿಯರ ಬಳಗಗಳಿಗೆ ಕಳುಹಿಸಿ, ಎಲ್ಲಿಯೂ ಚರ್ಚೆ ಕುದುರದ ಬೇಸರದಿಂದ, ಇವೆಲ್ಲವನ್ನೂ ವಿಲೀನಗೊಳಿಸಬಾರದೇಕೆಂದು ಕೇಳಿರುವಿರಿ. ವಿಲೀನವು ನಿಮ್ಮ ವಶದಲ್ಲಿಲ್ಲ. ಇರಕೂಡದೆಂದೇ ನನ್ನ ಅಭಿಮತ. ಹೆಸರೊಂದೇ ಆದರೂ ಸರ್ವರು ಬೇರೆಯಾದೊಡನೆ ಬಳಗದ ನಿಯಮ, ನಿರ್ವಾಹಕರು, ಮನೋಧರ್ಮ ಎಲ್ಲವೂ ಬೇರೆಯಾಗುವುವಲ್ಲದೆ, ಖರ್ಚು ಭರಿಸಲಾರದೆ ಒಬ್ಬರು ಸರ್ವರನ್ನು ಮುಚ್ಚಿದ ದಿನ ಉಳಿದವೇ ಆಶ್ರಯವಾಗುವುವು.

ಓದುವ ಅನುಕೂಲಕ್ಕಾಗಿ ಒಗ್ಗೂಡಿಸುವುದು ಬೇರೆ ಮಾತು. ಲೆಮ್ಮಿಯಂತೆಯೇ ಆಕ್ಟಿವಿಟಿಪಬ್ ನಿಯಮಾವಳಿಯನ್ನು ಅನುಸರಿಸುವ ಪೈಫೆಡ್‌ನಲ್ಲಿ ‘ಫೀಡ್’ ಎಂಬ ಸೌಕರ್ಯವಿದೆ. ಲೆಮ್ಮಿಯ ಬಳಗಗಳನ್ನೂ ಅದರೊಳಗೆ ಸೇರಿಸಿ, ಒಂದೇ ಪ್ರವಾಹವಾಗಿ ಓದಬಹುದು. ಚಿತ್ರವನ್ನು ಮಾತ್ರ ಮಾತುಕತೆ ಹೆಚ್ಚಿರುವ ಒಂದೆಡೆ ಮೊದಲು ಹಾಕಿ, ಮತ್ತೊಂದೆರಡು ಕಡೆಗಷ್ಟೆ ಕ್ರಾಸ್‌ಪೋಸ್ಟ್ ಮಾಡಿರಿ. ಎಲ್ಲೆಡೆ ಸುರಿದರೆ ಓದುಗರು ನಿಮ್ಮನ್ನೇ ಬ್ಲಾಕ್ ಮಾಡಿಯಾರು.

2024ರಲ್ಲಿ ಈ ಕೆರೆ ಜೌಗುಭೂಮಿಗಳ ರಾಮ್ಸಾರ್ ಪಟ್ಟಿಗೆ ಸೇರಿತಾದ್ದರಿಂದ ಜೌಗುಭೂಮಿಯ ಬಳಗಗಳನ್ನು ನಿಮ್ಮ ಫೀಡಿಗೆ ಅಗತ್ಯವಾಗಿ ಸೇರಿಸಿರಿ. ಆದರೆ ಅದೇ ಹೆಬ್ಬಾತುಗಳು ಮೇಯುವ ಹೊಲಗಳ ಒಡೆಯರ, ಎಂದರೆ ಕೃಷಿಕರ ಬಳಗಗಳನ್ನು ಅದರೊಳಗೆ ಬೆರೆಸದಿರಿ. ಅವರ ಅಹವಾಲು ಚಿತ್ರಪ್ರಶಂಸೆಯ ನಡುವೆ ಕಳೆದುಹೋಗದಂತೆ ಅದಕ್ಕೆ ಬೇರೊಂದು ಫೀಡನ್ನೇ ಕಟ್ಟಿರಿ.