ಪಾಕದ ಹದ ಮತ್ತು ಕುದಿಬಿಂದು

ಬ್ರಿಟನ್ನಿನ ಮನೆಗಳಲ್ಲಿ ಓಟ್ಸ್ ಧಾನ್ಯವನ್ನು ಬೆಣ್ಣೆ, ಸಕ್ಕರೆಪಾಕಗಳೊಡನೆ ಬೇಯಿಸಿ ‘ಫ್ಲ್ಯಾಪ್‌ಜ್ಯಾಕ್’ ಎಂಬ ತಿನಿಸನ್ನು ಮಾಡುವರು. ಶಿಕಾರಿಪುರ, ಸೊರಬಗಳಲ್ಲಿ ನಾವು ಮಂಡಕ್ಕಿಯನ್ನು ಬೆಲ್ಲದ ಪಾಕದಲ್ಲಿ ಕಲಸಿ ಉಂಡೆ ಕಟ್ಟುವೆವು. ಎರಡರಲ್ಲಿಯೂ ಧಾನ್ಯವನ್ನು ಹಿಡಿದಿಡುವ ಅಂಟು ಪಾಕವೇ. ಅದೇ ಬೆಲ್ಲದ ಉಂಡೆ ಒಂದು ದಿನ ಉದುರುವುದೇಕೆ, ಇನ್ನೊಂದು ದಿನ ಕಲ್ಲಾಗುವುದೇಕೆ?

ಸಕ್ಕರೆಯ ದ್ರಾವಣವು ನೀರಿಗಿಂತ ಹೆಚ್ಚಿನ ಉಷ್ಣತೆಯಲ್ಲಿ ಕುದಿಯುತ್ತದೆ. ಕುದಿಯುವಾಗ ನೀರು ಮಾತ್ರ ಆವಿಯಾಗುವುದರಿಂದ ದ್ರಾವಣವು ಸಾಂದ್ರವಾಗುತ್ತದೆ; ಕುದಿಬಿಂದುವೂ ಏರುತ್ತ ಹೋಗುತ್ತದೆ. ಸಮುದ್ರಮಟ್ಟದಲ್ಲಿ ಸಕ್ಕರೆಪಾಕವು 115 ಡಿಗ್ರಿ ಸೆಂಟಿಗ್ರೇಡ್ ಮುಟ್ಟಿದಾಗ ನೂರಕ್ಕೆ ಸುಮಾರು 15 ಭಾಗ ನೀರಿರುತ್ತದೆ. 150 ಡಿಗ್ರಿಯಲ್ಲಿ ಉಳಿಯುವುದು ಸುಮಾರು ಒಂದೇ ಭಾಗ. ತಣಿದಾಗ ಮೊದಲನೆಯದು ಮೆತ್ತಗಿರುತ್ತದೆ. ಎರಡನೆಯದು ಗಾಜಿನಂತೆ ಮುರಿಯುತ್ತದೆ. ಬೆಲ್ಲದ ಪಾಕದ ನಡತೆಯೂ ಇಂತಹುದೇ. ಮಂಡಕ್ಕಿ ಉಂಡೆಗೆ ಬೇಕಾದುದು ಇವೆರಡರ ನಡುವಣ ಹದ.

ಆದರೆ ನಮ್ಮ ಊರುಗಳು ಸುಮಾರು 600 ಮೀಟರ್ ಎತ್ತರದಲ್ಲಿವೆ. ವಾಯುವಿನ ಒತ್ತಡ ಕಡಮೆಯಾದುದರಿಂದ ಇಲ್ಲಿ ನೀರು ಸುಮಾರು 98 ಡಿಗ್ರಿಯಲ್ಲಿಯೇ ಕುದಿಯುತ್ತದೆ. ಪಾಕದ ಅಂಕಿಗಳೂ ಸುಮಾರು ಎರಡು ಡಿಗ್ರಿ ಇಳಿಯುತ್ತವೆ. ತಣ್ಣೀರಿಗೆ ಪಾಕದ ತೊಟ್ಟನ್ನು ಬಿಟ್ಟು ನೋಡುವ ಅಡುಗೆಮನೆಯ ಪರೀಕ್ಷೆಗೆ ಈ ತಿದ್ದುಪಡಿ ಬೇಕಿಲ್ಲ. ಅದು ತೋರಿಸುವುದು ಉಷ್ಣತೆಯನ್ನಲ್ಲ, ಉಳಿದ ನೀರಿನ ಪರಿಣಾಮವನ್ನು. ನೀರಿನಲ್ಲಿ ತಣಿದ ತೊಟ್ಟು ಬೆರಳುಗಳ ನಡುವೆ ಗಟ್ಟಿ ಉಂಡೆಯಾದೊಡನೆ ಪಾತ್ರೆಯನ್ನು ಇಳಿಸಿರಿ. ನೀರು ಕಡಮೆಯಾದಂತೆ ಉಷ್ಣತೆ ಬಲು ಬೇಗ ಏರುವುದರಿಂದ ಕೊನೆಯಲ್ಲಿ ಉರಿ ಸಣ್ಣದಿರಲಿ.